ಬೆಳಗಿನ ಬರಹಕ್ಕೆ ಸಂಜೆಯ ಕಣ್ಣು

ಸಂಸ್ಕೃತ ಕವಿ ರಾಜಶೇಖರನ ‘ಕಾವ್ಯಮೀಮಾಂಸೆ’ಯಲ್ಲಿ ಕವಿಯ ದಿನಚರಿಯನ್ನು ಹೇಳುವ ಅಧ್ಯಾಯವೊಂದಿದೆ. ಆ ಗ್ರಂಥದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗ ಅದೇ. ಹಗಲಿನ ಮೊದಲ ಜಾವ ಓದಿಗೆ, ಎರಡನೆಯದು ರಚನೆಗೆ, ಊಟವಾದ ಮೇಲಿನದು ಗೋಷ್ಠಿಗೆ. ನಾಲ್ಕನೆಯ ಜಾವವನ್ನು ಅವನು ಬೆಳಿಗ್ಗೆ ಬರೆದದ್ದರ ಪರೀಕ್ಷೆಗೆಂದೇ ಎತ್ತಿಡುತ್ತಾನೆ. ಒಬ್ಬನೇ ಕೂತು ನೋಡಬೇಕು, ಇಲ್ಲವೇ ಆಯ್ದ ಕೆಲವೇ ಜನರ ಜೊತೆ. ಇದಕ್ಕೆ ಅವನು ಕೊಡುವ ಕಾರಣ ಸೊಗಸಾಗಿದೆ: ರಸಾವೇಶದಲ್ಲಿ ಬರೆಯುವಾಗ ವಿವೇಚನೆಯ ಕಣ್ಣು ತೆರೆದಿರುವುದಿಲ್ಲ. ಆದ್ದರಿಂದ ಆಮೇಲೆ ನೋಡಿ ಹೆಚ್ಚಾದದ್ದನ್ನು ತೆಗೆಯಬೇಕು, ಕೊರತೆಯನ್ನು ತುಂಬಬೇಕು, ಜಾಗ ತಪ್ಪಿ ಕೂತದ್ದನ್ನು ಸರಿಸಬೇಕು, ಮರೆತದ್ದನ್ನು ನೆನೆದುಕೊಳ್ಳಬೇಕು.

ಸಾವಿರ ವರ್ಷಕ್ಕೂ ಹಿಂದಿನ ಮಾತು ಇದು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಕಾಣೆಯಾಗಿರುವುದು ಈ ನಾಲ್ಕನೆಯ ಜಾವ. ಹುಡುಗ ಕೊನೆಯ ದಿನದ ಹಿಂದಿನ ರಾತ್ರಿ ಪ್ರಬಂಧ ಬರೆದು ಒಪ್ಪಿಸುತ್ತಾನೆ. 20ಕ್ಕೆ 14 ಬರುತ್ತದೆ. ಆ ಆರು ಅಂಕ ಎಲ್ಲಿ ಹೋದವು ಎಂಬುದು ಮೇಷ್ಟ್ರಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಆಸ್ಟ್ರೇಲಿಯಾದ ಶಿಕ್ಷಣತಜ್ಞ ರಾಯ್ಸ್ ಸ್ಯಾಡ್ಲರ್ 1989ರ ಲೇಖನವೊಂದರಲ್ಲಿ ಎತ್ತಿಕೊಂಡದ್ದು ಈ ಒಗಟನ್ನೇ: ಮೇಷ್ಟ್ರು ಸರಿಯಾಗಿ ತೂಗಿ ಹೇಳಿದರೂ ವಿದ್ಯಾರ್ಥಿ ಸುಧಾರಿಸದೆ ಉಳಿಯುವುದು ಏಕೆ? ಅವರ ಉತ್ತರವೂ ರಾಜಶೇಖರನಿಗೆ ದೂರದ್ದಲ್ಲ. ಒಳ್ಳೆಯದು ಎಂದರೆ ಏನು ಎಂಬ ಕಲ್ಪನೆ ವಿದ್ಯಾರ್ಥಿಯೊಳಗೇ ಮೂಡಬೇಕು. ಬರೆಯುತ್ತಿರುವಾಗಲೇ ಅದರ ಪಕ್ಕ ತನ್ನದನ್ನು ಇಟ್ಟು ನೋಡಲು ಬರಬೇಕು. ಅಂತರ ಕಂಡರೆ ಅದನ್ನು ತುಂಬುವ ಉಪಾಯಗಳು ಕೈಯಲ್ಲಿರಬೇಕು.

ಆ ಕಲ್ಪನೆ ಮೂಡುವುದು ನಿಯಮಗಳಿಂದಲ್ಲ, ಎರಡು ಬರಹಗಳನ್ನು ಅಕ್ಕಪಕ್ಕ ಇಟ್ಟು ಸವಿಯುವುದರಿಂದ. ಎಂ.ಎ. ತರಗತಿಯಲ್ಲಿ ಪಂಪನ ಮೇಲೆ ಎರಡು ಉತ್ತರಗಳಿವೆ ಎಂದುಕೊಳ್ಳಿ. ಒಂದರ ಮೊದಲ ವಾಕ್ಯ: ‘ಮಹಾಕವಿ ಪಂಪನು ಕರ್ಣನ ಪಾತ್ರವನ್ನು ಅತ್ಯಂತ ಮನೋಜ್ಞವಾಗಿ ಚಿತ್ರಿಸಿದ್ದಾನೆ.’ ಇನ್ನೊಂದರದು: ‘ಪಂಪ ತನ್ನ ಒಡೆಯ ಅರಿಕೇಸರಿಯನ್ನೇ ಅರ್ಜುನನಾಗಿಸಿ ಕಾವ್ಯ ಕಟ್ಟಿದ, ಆದರೂ ಓದುಗರ ಮನಸ್ಸನ್ನು ಅವನು ತಿರುಗಿಸುವುದು ಆ ಅರ್ಜುನನ ಬಾಣಕ್ಕೆ ಬಿದ್ದ ಕರ್ಣನ ಕಡೆಗೆ.’ ಯಾವುದು ಮೇಲು ಎಂದು ಕೇಳಿದರೆ ತರಗತಿ ತಟ್ಟನೆ ಎರಡನೆಯದನ್ನು ತೋರಿಸುತ್ತದೆ. ಏಕೆ ಎಂದಾಗಲೇ ಮೌನ. ಆ ಮೌನಕ್ಕೆ ಸಾಕಷ್ಟು ಹೊತ್ತು ಕೊಡಬೇಕು. ಆಗ ಯಾರಾದರೊಬ್ಬರು ಹೇಳುತ್ತಾರೆ: ಮೊದಲ ವಾಕ್ಯದಲ್ಲಿ ಪಂಪನನ್ನು ತೆಗೆದು ರನ್ನನನ್ನೂ, ಕರ್ಣನನ್ನು ತೆಗೆದು ದುರ್ಯೋಧನನನ್ನೂ ಹಾಕಿದರೆ ವಾಕ್ಯಕ್ಕೆ ಏನೂ ಆಗುವುದಿಲ್ಲ. ಎರಡನೆಯದರಲ್ಲಿ ಒಂದು ಹೆಸರು ಕದಲಿಸಿದರೂ ಎಲ್ಲ ಕುಸಿಯುತ್ತದೆ. ಇಷ್ಟು ಕಂಡುಕೊಂಡ ಹುಡುಗಿ ತನ್ನ ಹಾಳೆಗೆ ಮರಳಿ ‘ಮನೋಜ್ಞವಾಗಿ’ ಎಂಬುದರ ಮೇಲೆ ತಾನೇ ಗೆರೆ ಎಳೆಯುತ್ತಾಳೆ. ಪಾಠ ಹೇಳುವವರಿಗೆ ಅದಕ್ಕಿಂತ ಚೆಲುವಾದ ಗೆರೆ ಇನ್ನೊಂದಿಲ್ಲ.

ಸಂಸ್ಕೃತದ ಆಲಂಕಾರಿಕ ವಾಮನನ ಪಂಥದವರು ಪಾಕ ಎಂದದ್ದು ಇದಕ್ಕೆ ಹತ್ತಿರದ್ದನ್ನೇ: ಪದವು ಬದಲಾವಣೆಯನ್ನು ಸಹಿಸದಂತೆ ನೆಲೆಗೊಳ್ಳುವುದು. ಆದರೆ ರಾಜಶೇಖರ ಅಲ್ಲಿಗೇ ಬಿಡುವುದಿಲ್ಲ, ಹೆಂಡತಿ ಅವಂತಿಸುಂದರಿಯ ಆಕ್ಷೇಪವನ್ನೂ ದಾಖಲಿಸುತ್ತಾನೆ. ಬದಲಿಸಲು ಆಗದಿರುವುದು ಪಾಕವಲ್ಲ, ಅಶಕ್ತಿ ಎನ್ನುತ್ತಾಳೆ ಆಕೆ; ಒಂದೇ ವಸ್ತುವನ್ನು ಮಹಾಕವಿಗಳು ಹಲವು ಬಗೆಯಲ್ಲಿ ಹೇಳಿದ್ದೂ ಪಕ್ವವಾಗಿಯೇ ಇರುತ್ತದಲ್ಲ! ಎಂಥ ಬುದ್ಧಿವಂತ ತಕರಾರು. ತರಗತಿಗೆ ಇದು ತುಂಬ ಬೇಕಾದದ್ದು. ಒಂದೇ ಮಾದರಿ ಉತ್ತರ ಕೊಟ್ಟರೆ ಮಕ್ಕಳು ಅದನ್ನೇ ನಕಲಿಸುತ್ತಾರೆ. ಒಂದಕ್ಕೊಂದು ಹೋಲದ ಎರಡು ಮೂರು ಒಳ್ಳೆಯ ಉತ್ತರ ಕೊಟ್ಟರೆ ಗುಣವೆಂಬುದು ಅಚ್ಚಿನಲ್ಲಿಲ್ಲ ಎಂದು ಅವರಿಗೇ ಹೊಳೆಯುತ್ತದೆ.

ವಿಮರ್ಶಕರಲ್ಲಿ ನಾಲ್ಕು ಬಗೆಯನ್ನೂ ರಾಜಶೇಖರ ಹೇಳುತ್ತಾನೆ: ಯಾವುದೂ ರುಚಿಸದವರು, ಒಳ್ಳೆಯದು ಕೆಟ್ಟದ್ದೆನ್ನದೆ ಹುಲ್ಲು ಸಮೇತ ನುಂಗುವವರು, ಮತ್ಸರಿಗಳು, ಬರಹದ ತಿರುಳನ್ನೇ ಹಿಡಿಯುವ ತತ್ತ್ವಾಭಿನಿವೇಶಿಗಳು. ಕೊನೆಯವರು ಸಾವಿರಕ್ಕೊಬ್ಬರಂತೆ. ವಿದ್ಯಾರ್ಥಿಗಳು ತಮ್ಮದೇ ಬರಹದ ಎದುರು ಸಾಮಾನ್ಯವಾಗಿ ಮೊದಲ ಎರಡು ಬಗೆಯವರು. ಜಾಣರಾದ ಎಷ್ಟೋ ಮಕ್ಕಳು ಮೊದಲನೆಯವರು; ಬರೆದದ್ದೆಲ್ಲ ಕಸ ಎಂದು ಹರಿದುಹಾಕುತ್ತಾರೆ. ಅವರ ಬಗ್ಗೆಯೇ ನನಗೆ ಹೆಚ್ಚು ಸಂಕಟ. ತಪ್ಪು ಹುಡುಕುವುದನ್ನು ಮಾತ್ರ ಕಲಿಸಿದರೆ ಇವರ ಸಂಖ್ಯೆ ಬೆಳೆಯುತ್ತದೆ. ‘ಈ ಸಾಲು ನಿಂತಿದೆ, ಏಕೆ ನಿಂತಿದೆ ಹೇಳು’ ಎಂದು ಅವರ ಹಾಳೆಯಿಂದಲೇ ಒಂದು ಸಾಲನ್ನು ಎತ್ತಿ ತೋರಿಸುವುದೂ ಮೌಲ್ಯಮಾಪನವೇ.

ಪಾಠ ಹೇಳುವ ಎಲ್ಲರಲ್ಲೂ ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಪ್ರಬಂಧಗಳನ್ನು ಅಂಕ ಬರೆಯದೆ ಒಮ್ಮೆ ಹಿಂತಿರುಗಿಸಿ. ಇದರಲ್ಲಿ ಯಾವುದು ಗಟ್ಟಿ, ಯಾವುದು ಸಡಿಲ, ಏಕೆ ಎಂದು ಹಾಳೆಯ ಕೆಳಗೆ ಅವರೇ ಬರೆಯಲಿ. ನಿಮ್ಮ ಅಭಿಪ್ರಾಯವನ್ನು ಅದರ ಪಕ್ಕದಲ್ಲಿ ಬರೆಯಿರಿ, ಅಂಕವನ್ನು ಆಮೇಲೆ ಹಾಕಿ.