ಮೈಸೂರಿನ ಒಂದು ಚಿತ್ರ ಮತ್ತು ಸಿಡುಬಿನ ಎರಡು ಗುರುತುಗಳು

ಐರಿಷ್ ಚಿತ್ರಕಾರ ಥಾಮಸ್ ಹಿಕಿಯು 1805ರ ಸುಮಾರಿನಲ್ಲಿ ರಚಿಸಿದನೆನ್ನಲಾದ ಮೂವರು ಸ್ತ್ರೀಯರ ತೈಲಚಿತ್ರವು ನರ್ತಕಿಯರದೆಂಬ ಭಾವನೆ ಬಹುಕಾಲವಿತ್ತು. ಅದು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣೀವಾಸದ ಚಿತ್ರವೆಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ 2001ರಲ್ಲಿ ವಾದಿಸಿದರು. ಅವರ ಮತದಂತೆ, ಬಲಗಡೆಯ ರಾಣಿಯವರು ಸೆರಗು ಸರಿಸಿ ತೋರುವ ಎಡತೋಳು ಗೋಸಿಡುಬಿನ ದಾಕಿನ ಸೂಚನೆ. ಎಡಗಡೆಯವರ ಮೂಗು ಬಾಯಿಗಳ ಸುತ್ತ ಬಣ್ಣಗೆಟ್ಟಿರುವ ಚರ್ಮವು ಸಿಡುಬಿನ ಸೋಂಕನ್ನೇ ಹಿತಮಿತವಾಗಿ ತಗುಲಿಸುತ್ತಿದ್ದ ಹಳೆಯ ಪದ್ಧತಿಯ ಸೂಚನೆ.

ಮೊದಲನೆಯದನ್ನು ವಿಜ್ಞಾನವೆಂದೂ ಎರಡನೆಯದನ್ನು ಮೌಢ್ಯವೆಂದೂ ಬಗೆಯುವುದು ಯುಕ್ತವಲ್ಲ. ಎರಡೂ ದೇಹದ ಸ್ಮರಣಶಕ್ತಿಯನ್ನೇ ಆಶ್ರಯಿಸಿದ್ದವು. ಭೇದವಿದ್ದುದು ಅಪಾಯದ ಪ್ರಮಾಣದಲ್ಲಿ. ಸೋಂಕು ತಗುಲಿದಾಗ ಜೀವಕೋಶಗಳು ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಹೊರಡಿಸುತ್ತವೆ. ಅದು ನೆರೆಯ ಕೋಶಗಳ ಗ್ರಾಹಕಗಳನ್ನು ಸೇರಿ ಎಚ್ಚರಿಸುವ ಮೊದಲೇ, ಸಿಡುಬಿನ ವೈರಸ್ಸು ಆ ಗ್ರಾಹಕವನ್ನೇ ಹೋಲುವ ತನ್ನ ಪ್ರೋಟೀನಿನಿಂದ ಅದನ್ನು ಹಿಡಿದಿಡುತ್ತದೆ. ಮತ್ತೊಂದು ಪ್ರೋಟೀನು ರಕ್ತದ ರಕ್ಷಣಾಘಟಕವನ್ನು ನಿಷ್ಕ್ರಿಯಗೊಳಿಸುತ್ತದೆ. ಮಾನವನಲ್ಲಿ ಅದರ ಶಕ್ತಿ, ಮುಂದೆ ದಾಕಿಗೆ ಬಳಸಲಾದ ವ್ಯಾಕ್ಸಿನಿಯ ವೈರಸ್ಸಿನ ಅಂತಹುದೇ ಪ್ರೋಟೀನಿನ ಸುಮಾರು 100 ಪಟ್ಟು ಎಂದು 2002ರಲ್ಲಿ ತಿಳಿದುಬಂದಿತು. ಸಿಡುಬು ಮನುಷ್ಯನಿಗೇ ಹೊಂದಿಕೊಂಡ ರೋಗ. ದಾಕಿನದು ಅಷ್ಟು ಹೊಂದದ ಅತಿಥಿ.

ಆದರೆ ಪ್ರಯೋಗಶಾಲೆಯ ಸಾಕ್ಷ್ಯವು ಎರಡು ಪದ್ಧತಿಗಳ ಭೇದವನ್ನು ವಿಶದಪಡಿಸುತ್ತದೆಯೇ ಹೊರತು, ಚಿತ್ರದಲ್ಲಿರುವವರು ಯಾರೆಂಬುದನ್ನು ಸಿದ್ಧಪಡಿಸಲಾರದು. ಬಣ್ಣದ ಕಲೆಯನ್ನು ರೋಗದ ಕಲೆಯೆಂದು ಓದುವವರು ಸಮಕಾಲೀನ ಕಡತಗಳನ್ನೇ ಪ್ರಮಾಣವಾಗಿ ಹಿಡಿಯಬೇಕು. ಚಾನ್ಸೆಲರರ ವಾದವು ಮನಗಾಣಿಸುವಂತಹುದು. ಅದನ್ನು ನಿರ್ಣಯವೆಂದಲ್ಲದೆ ಸಮರ್ಥ ಊಹೆಯೆಂದೇ ವಿದ್ಯಾರ್ಥಿಗಳ ಮುಂದಿಡುವುದು ಉಚಿತ.