ಹೆಸರಿಲ್ಲದ ಮುಖಪಟ

ಗಾನದ ತಟ್ಟೆಯ ಹೊದಿಕೆಯ ಮೇಲೆ ಹಾಡುವವರ ಭಾವಚಿತ್ರವೂ ದಪ್ಪಕ್ಷರದಲ್ಲಿ ಅವರ ಹೆಸರೂ ಇರುವುದು ವಾಡಿಕೆ. 1979ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಿಂದ ಜಾಯ್ ಡಿವಿಜನ್ ಎಂಬ ರಾಕ್ ವಾದ್ಯವೃಂದದ 'ಅನ್‌ನೋನ್ ಪ್ಲೆಷರ್ಸ್' ಎಂಬ ತಟ್ಟೆ ಹೊರಬಂದಾಗ ಅದರ ಮುಖದಲ್ಲಿ ಇವೆರಡೂ ಇರಲಿಲ್ಲ. ಕಪ್ಪು ನೆಲದ ನಡುವೆ ಬೆಟ್ಟಸಾಲಿನಂತೆ ಏರಿಳಿಯುವ ಬಿಳಿಯ ಗೆರೆಗಳು ಮಾತ್ರವೇ ಇದ್ದವು. ಇದನ್ನು ರಚಿಸಿದ ಪೀಟರ್ ಸ್ಯಾವಿಲ್ಲರಿಗೆ ಆಗ ಇಪ್ಪತ್ತಮೂರು ವರ್ಷ.

ಆ ಗೆರೆಗಳು ಅವರ ಕಲ್ಪನೆಯವಲ್ಲ. 1967ರಲ್ಲಿ ಕೇಂಬ್ರಿಜ್ಜಿನ ಜೋಸೆಲಿನ್ ಬೆಲ್ ಎಂಬ ವಿದುಷಿ ಗುರುತಿಸಿದ, ಸುಮಾರು 1.337 ಸೆಕೆಂಡಿಗೊಮ್ಮೆ ಮಿಡಿಯುವ ತಾರೆಯೊಂದರ ರೇಡಿಯೋ ಸ್ಪಂದನಗಳ ಲೇಖ್ಯವದು. ಖಗೋಳಜ್ಞ ಹೆರಾಲ್ಡ್ ಕ್ರಾಫ್ಟರು ಸ್ಪಂದನಗಳನ್ನು ಒಂದರ ಕೆಳಗೊಂದು ಪೇರಿಸಿ ತಮ್ಮ 1970ರ ಪ್ರಬಂಧದಲ್ಲಿ ಅದನ್ನು ಬರೆದಿದ್ದರು. ಮುಂದೆ ಅದು ಖಗೋಳ ವಿಶ್ವಕೋಶವೊಂದರಲ್ಲಿಯೂ ಅಚ್ಚಾಯಿತು. ವೃಂದದವರೇ ಅದನ್ನು ಆರಿಸಿ ಸ್ಯಾವಿಲ್ಲರಿಗೆ ಒಪ್ಪಿಸಿದರು. ಹಾಗಾದರೆ ಕಲಾಕಾರರು ಮಾಡಿದ್ದೇನೆಂದು ಕೇಳುವವರುಂಟು.

ಬಿಳಿಯ ಹಾಳೆಯ ಮೇಲಿದ್ದ ಕಪ್ಪು ಗೆರೆಗಳನ್ನು ಅವರು ಕಪ್ಪಿನ ಮೇಲೆ ಬಿಳಿದಾಗಿಸಿದರು. ಚಿತ್ರದ ಸುತ್ತ ಧಾರಾಳವಾಗಿ ಶೂನ್ಯವನ್ನು ಬಿಟ್ಟರು. ಹೆಸರುಗಳನ್ನು ಹಿಂಬದಿಗೆ ಸರಿಸಿದರು. ಎಲ್ಲಕ್ಕಿಂತ ಮಿಗಿಲಾಗಿ, ಚಿತ್ರದಡಿಯ ವಿವರಣೆಯನ್ನು ತೆಗೆದುಹಾಕಿದರು. ವಿಶ್ವಕೋಶದಲ್ಲಿ ಆ ವಿವರಣೆಯಿರುವ ತನಕ ಚಿತ್ರಕ್ಕೆ ವಾಚ್ಯಾರ್ಥವೊಂದೇ. ಅದು ಹೋದೊಡನೆ ಗೆರೆಗಳು ಒಬ್ಬರಿಗೆ ಪರ್ವತ, ಒಬ್ಬರಿಗೆ ಅಲೆ, ಮತ್ತೊಬ್ಬರಿಗೆ ನಿಲ್ಲಲಿರುವ ಹೃದಯದ ಬಡಿತ. ಆನಂದವರ್ಧನನು ಧ್ವನಿಯೆಂದು ಕರೆದುದು ಇದರಿಂದ ಬಹಳ ದೂರದ್ದೆಂದು ನನಗೆ ತೋರುವುದಿಲ್ಲ. ಈ ಸಂಗೀತ ನನ್ನಂಥವನ ಕಿವಿಗೆ ಕರ್ಕಶವೇ ಸರಿ. ಆದರೂ ಮಾರ್ಟಿನ್ ಹ್ಯಾನೆಟ್ಟರು ಅದನ್ನು ಮುದ್ರಿಸಿರುವ ರೀತಿಯಲ್ಲಿ ಒಂದೊಂದು ವಾದ್ಯವೂ ಬರಿದಾದ ಹಜಾರದಲ್ಲಿ ಒಂಟಿಯಾಗಿ ನಿಂತು ನುಡಿದಂತೆ ಕೇಳುತ್ತದೆ. ಹೊದಿಕೆಯ ಕತ್ತಲೆಗೂ ಹಾಡಿನ ಏಕಾಂತಕ್ಕೂ ಹೀಗೆ ಔಚಿತ್ಯವಿದೆ.

ಪರರ ಕೃತಿಯಿಂದ ಕವಿ ತೆಗೆದುಕೊಳ್ಳುವ ಬಗೆಗಳನ್ನು ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ 'ಹರಣ'ವೆಂಬ ಹೆಸರಿನಿಂದಲೇ ವಿಚಾರಿಸಿದ್ದಾನೆ. ತೆಗೆದುಕೊಂಡ ವಸ್ತು ಹೊಸ ಜೀವ ಪಡೆದರೆ ಕವಿಗೆ ದೋಷವಿಲ್ಲವೆಂಬ ಪಕ್ಷ ನನಗೂ ಸಮ್ಮತವೇ. ಆದರೆ ಕ್ರಾಫ್ಟರಿಗೆ ಈ ಸಂಗತಿ ತಿಳಿದುದು ತಟ್ಟೆ ಹೊರಬಂದ ಮೇಲೆ! ಗೆರೆಗೆರೆಯಾಗಿ ಅದನ್ನು ಸಾಧಿಸಿದವರಿಗೆ ಮೊದಲೇ ಒಂದು ಕಾಗದ ಬರೆದಿದ್ದರೆ ಧ್ವನಿಗೇನೂ ಭಂಗ ಬರುತ್ತಿರಲಿಲ್ಲ.

ಈಗ ಈ ಗೆರೆಗಳು ಅಂಗಿಗಳ ಮೇಲೆ ಅಚ್ಚಾಗಿ ದೇಶದೇಶಗಳಲ್ಲಿ ಮಾರಾಟವಾಗುತ್ತಿವೆ. ತೊಟ್ಟವರಲ್ಲಿ ಹಲವರು ಆ ತಾರೆಯನ್ನೂ ಅರಿಯರು, ಹಾಡನ್ನೂ ಕೇಳಿಲ್ಲ.