ಹೊಳಪು ಯಾರ ಖರ್ಚಿನಲ್ಲಿ?

ರಜೆಯ ದಿನ ಗೆಳೆಯನನ್ನು ಮನೆಗೆ ಕರೆದು, ಬೆಳಗಿನಿಂದ ಸಂಜೆವರೆಗೂ ಕಾರಿನ ಹೊರಮೈ ತೊಳೆದು, ತಿಕ್ಕಿ, ಪಾಲಿಶ್ ಹಾಕಿ ಮಿಂಚಿಸುವ ಹವ್ಯಾಸ ಬೆಂಗಳೂರಿಗೆ ಹೊಸದೇನಲ್ಲ. ಡೀಟೇಲಿಂಗ್ ಅಂಗಡಿಗಳು ಸಾವಿರಗಟ್ಟಲೆ ಕೇಳುವ ಕೆಲಸವನ್ನು ನಾವೇ ಮಾಡಿಕೊಳ್ಳಬಹುದಲ್ಲ ಎಂಬ ಹುಮ್ಮಸ್ಸು ಇದರ ಹಿಂದಿದೆ. ಹುಮ್ಮಸ್ಸಿನಲ್ಲಿ ತಪ್ಪಿಲ್ಲ. ಆದರೆ ಇಂಥ ದಿನಕ್ಕೆ ಹಾಕಿಕೊಳ್ಳುವ ಯೋಜನೆಗಳು ಸಾಮಾನಿನ ಪಟ್ಟಿಯಿಂದಲೇ ಶುರುವಾಗುತ್ತವೆ: ಯಾವ ಶಾಂಪೂ, ಯಾವ ಕಾಂಪೌಂಡ್, ಯಾವ ಕೋಟಿಂಗ್. ಈ ಹೊಳಪಿಗೆ ಬೆಲೆ ತೆರುವವರು ಯಾರು ಎಂದು ಕೇಳುವವರು ಕಡಿಮೆ. ಜೇಬಿನ ಮಾತು ಹಾಗಿರಲಿ. ಒಂದು ಪಾಲನ್ನು ಕಾರಿನ ಪೇಂಟ್ ತೆರುತ್ತದೆ, ಇನ್ನೊಂದು ಪಾಲನ್ನು ಊರಿನ ನೀರು. ಇವೆರಡರಿಂದ ಎಷ್ಟು ಕಡಿಮೆ ವಸೂಲು ಮಾಡಿತು ಎಂಬುದರ ಮೇಲೆ ಆ ದಿನಕ್ಕೆ ಅಂಕ ಕೊಡಬೇಕು.

ಮೊದಲು ಪೇಂಟಿನ ವಿಚಾರ. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್‌ಕೋಟ್ ಎಂಬ ಪಾರದರ್ಶಕ ಪದರ ಇರುತ್ತದೆ. ದಪ್ಪ ಸುಮಾರು 40ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಬಿಸಿಲನ್ನು ತಡೆದು ಒಳಗಿನ ಬಣ್ಣ ಕಾಯುವುದು ಇದೇ. ಕಪ್ಪು ಕಾರನ್ನು ಬಿಸಿಲಿನಲ್ಲಿ ನಿಲ್ಲಿಸಿ ನೋಡಿದಾಗ ಜೇಡರ ಬಲೆಯ ಹಾಗೆ ಸುತ್ತು ಸುತ್ತಾಗಿ ಕಾಣುವ ಸಣ್ಣ ಗೀರುಗಳು ಬೀಳುವುದೂ ಇದರ ಮೇಲೆಯೇ. ಅವು ಬಹುಪಾಲು ರಸ್ತೆಯಿಂದ ಬಂದವಲ್ಲ, ಬಟ್ಟೆಯಿಂದ ಬಂದವು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಬೆಳಗಿನ ಜಾವ ಒಂದೇ ಬಕೆಟ್ ನೀರು, ಒಂದೇ ಹಳೆ ಬನಿಯನ್ನಿನಿಂದ ಸಾಲು ಕಾರುಗಳು ಒರೆಸಿಕೊಳ್ಳುತ್ತವೆ. ಮೊದಲ ಕಾರಿನ ಮರಳು ಕೊನೆಯ ಕಾರಿನ ಬಾನೆಟ್ಟಿಗೆ ಗೀರು ಹಾಕುತ್ತದೆ. ಒರೆಸುವವನನ್ನು ಬೈದು ಪ್ರಯೋಜನವಿಲ್ಲ. ತಿಂಗಳಿಗೆ ಕೆಲವು ನೂರು ರೂಪಾಯಿ ಕೊಟ್ಟು ದಿನವೂ ಕಾರು ಹೊಳೆಯಬೇಕು ಎಂದವರು ಮಾಲೀಕರೇ. ವರ್ಷಕ್ಕೊಮ್ಮೆ ಅದ್ದೂರಿಯಾಗಿ ಡೀಟೇಲಿಂಗ್ ಮಾಡಿ, ಮಾರನೆಯ ದಿನದಿಂದ ಮತ್ತೆ ಅದೇ ಬನಿಯನ್ನಿಗೆ ಕಾರು ಒಪ್ಪಿಸುವುದಾದರೆ ಭಾನುವಾರದ ದುಡಿಮೆ ದಂಡ.

ಇಂಥ ದಿನದ ಬೆಳಗಿನ ಪಾಳಿ ನನ್ನ ಮಟ್ಟಿಗೆ ನಿಜಕ್ಕೂ ಮೆಚ್ಚುವಂಥದ್ದು. ಬ್ರೇಕಿನ ಕರಿಪುಡಿ ಮೆತ್ತಿದ ಚಕ್ರಗಳಿಗೆ ಮೊದಲ ಸರದಿ. ಆಮೇಲೆ ಮೈಮೇಲೆ ನೊರೆ ಹಾಕಿ, ಧೂಳು ತಾನಾಗಿ ಸಡಿಲವಾಗಲು ಬಿಡಬೇಕು. ಒಂದು ಬಕೆಟ್ಟಿನಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ತೊಳೆಯುವುದು ಮೇಲಿನಿಂದ ಕೆಳಕ್ಕೆ. ತೊಳೆದಾದ ಮೇಲೆ ತೆಳು ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ ಬಾನೆಟ್ ಮೇಲೆ ಹಗುರವಾಗಿ ಸವರಿ ನೋಡಿ: ಬರಿಗೈಗೆ ನುಣುಪೆನಿಸಿದ್ದ ಜಾಗ ರವೆ ಚೆಲ್ಲಿದಂತೆ ತರಿತರಿ ಎನ್ನುತ್ತದೆ. ಪೇಂಟಿಗೆ ಅಂಟಿ ಕೂತ ಕಬ್ಬಿಣದ ಕಣ, ಟಾರು, ಮರದ ಅಂಟು ಎಲ್ಲವೂ ಅದರಲ್ಲಿವೆ. ಐರನ್ ರಿಮೂವರ್ ಸಿಂಪಡಿಸಿದ ಸ್ವಲ್ಪ ಹೊತ್ತಿಗೆ ಬಿಳಿ ಕಾರಿನ ಬಾಗಿಲಿನ ಕೆಳಭಾಗದಿಂದ ನೇರಳೆ ಬಣ್ಣ ಗೆರೆ ಗೆರೆಯಾಗಿ ಇಳಿಯತೊಡಗುತ್ತದೆ. ಅದರಲ್ಲಿನ ಥಯೋಗ್ಲೈಕೋಲೇಟ್ ಕಬ್ಬಿಣದೊಡನೆ ಕೂಡಿ ಹುಟ್ಟುವ ಬಣ್ಣ ಅದು. ಒಣಗುವ ಮೊದಲೇ ತೊಳೆದುಬಿಡಬೇಕು. ಉಳಿದ ಕೊಳೆಗೆ ಕ್ಲೇ ಬಾರ್: ಜಾರುವ ದ್ರವ ಹಾಕಿ, ಒತ್ತದೆ ಉಜ್ಜಿ, ಕೊಳೆಯಾದ ಮುಖವನ್ನು ಒಳಕ್ಕೆ ಮಡಚಿ ನಾದುತ್ತ ಹೋಗುವುದು. ನಿಧಾನವಾಗಿ ಮಾಡಿದರೆ ಇಷ್ಟರಲ್ಲಿ ಕಳೆಯುವುದು ಕೊಳೆ, ಪೇಂಟಲ್ಲ.

ಯೋಜನೆ ಹಾದಿ ತಪ್ಪುವುದು ಮಧ್ಯಾಹ್ನದ ಪಾಳಿಯಲ್ಲಿ. ಗೀರು ಅಳಿಸಲೆಂದು ಮಷಿನ್ನಿನಿಂದ ಉಜ್ಜುವ ಕಾಂಪೌಂಡ್ ಗೀರನ್ನು ತುಂಬುವುದಿಲ್ಲ. ಗೀರಿನ ಸುತ್ತಲಿನ ಕ್ಲಿಯರ್‌ಕೋಟನ್ನು ಸವೆಸಿ ಗೀರಿನ ಮಟ್ಟಕ್ಕೆ ತರುತ್ತದೆ. ಇರುವ ನಲವತ್ತು ಚಿಲ್ಲರೆ ಮೈಕ್ರಾನಿನಲ್ಲಿ ಪ್ರತಿ ಸಲ ಒಂದಿಷ್ಟು ಹೋಯಿತೆಂದೇ ಲೆಕ್ಕ. ದಪ್ಪ ಅಳೆಯುವ ಸಾಮಾನ್ಯ ಮೀಟರ್ ಒಟ್ಟು ಪೇಂಟಿನ ದಪ್ಪ ಹೇಳೀತೇ ಹೊರತು ಕ್ಲಿಯರ್‌ಕೋಟ್ ಎಷ್ಟು ಉಳಿದಿದೆ ಎಂದು ಬಿಡಿಸಿ ಹೇಳುವುದಿಲ್ಲ. ತಿಳಿದವರು ಎರಡಡಿ ಜಾಗದಲ್ಲಿ ಎಲ್ಲಕ್ಕಿಂತ ಸೌಮ್ಯವಾದ ಪಾಲಿಶ್ ಹಾಕಿ ನೋಡುತ್ತಾರೆ, ಅಷ್ಟರಲ್ಲೇ ತೃಪ್ತಿಯಾದರೆ ಮುಂದಕ್ಕೆ ಹೋಗುವುದಿಲ್ಲ. ಬಾಡಿಗೆಗೆ ಮಷಿನ್ ತಂದವರಿಗೆ ಈ ಸಂಯಮ ಇರುವುದಿಲ್ಲ. ತಂದದ್ದಾಗಿದೆ, ಇಡೀ ಕಾರಿಗೆ ಹೊಡೆದೇಬಿಡೋಣ ಎನ್ನುತ್ತಾರೆ. ಬಾಗಿಲಿನ ಅಂಚು, ಬಾನೆಟ್ಟಿನ ಏಣುಗಳಲ್ಲಿ ಪೇಂಟ್ ಮೊದಲೇ ತೆಳುವಾಗಿರುತ್ತದೆ. ಮಷಿನ್ನಿನ ಪ್ಯಾಡ್ ಜೋರಾಗಿ ಕಚ್ಚುವುದೂ ಅಲ್ಲೇ.

ಸಂಜೆಗೆ ಸೆರಾಮಿಕ್ ಕೋಟಿಂಗ್. ಬಾಟಲಿಯ ಮೇಲೆ ದೊಡ್ಡದಾಗಿ 9ಎಚ್ ಎಂದಿರುತ್ತದೆ. ಅದು ಪೆನ್ಸಿಲ್ ಮೊನೆಯಿಂದ ಗೀಚಿ ನೋಡುವ ಪರೀಕ್ಷೆಯ ಅಳತೆ; ರಸ್ತೆಯ ಕಲ್ಲಿಗೂ ಮಾಲ್ ಪಾರ್ಕಿಂಗಿನ ಕಂಬಕ್ಕೂ ಅದರ ಹಂಗಿಲ್ಲ. ಕೋಟಿಂಗಿನಿಂದ ನೀರು ಜಾರುತ್ತದೆ, ಕೊಳೆ ಸುಲಭವಾಗಿ ಬಿಡುತ್ತದೆ. ಅಷ್ಟಕ್ಕೆ ಅದು ಒಳ್ಳೆಯ ಸರಕೇ. ಆದರೆ ಹಚ್ಚಿದ ಮೇಲೆ ಒಂದು ದಿನವಾದರೂ ನೀರು ತಾಕದಂತೆ ಒಣಗಬೇಕು. ನಮ್ಮವರು ಈ ಕೆಲಸ ಇಟ್ಟುಕೊಳ್ಳುವುದು ಆಯುಧಪೂಜೆಯ ಹಿಂದಿನ ದಿನ! ಬೆಳಗಾದರೆ ಅದೇ ಬಾನೆಟ್ ಮೇಲೆ ಒದ್ದೆ ಗಂಧ, ಅರಿಸಿನ, ಕುಂಕುಮ, ಬಾಳೆಕಂದು ನಿಲ್ಲಿಸಲು ಗಮ್ ಟೇಪ್. ಹಬ್ಬಕ್ಕೆ ಚೆನ್ನಾಗಿ ತೊಳೆದರೆ ಸಾಕು. ಕೋಟಿಂಗ್ ಹಬ್ಬ ಕಳೆದ ಮೇಲಾಗಲಿ.

ಇನ್ನು ನೀರು. ಬೆಂಗಳೂರಿನ ಕಾವೇರಿ ನೀರು ನೂರು ಕಿಲೋಮೀಟರ್ ದೂರದಿಂದ ಪಂಪಿನ ಬಲದಲ್ಲಿ ಏರಿ ಬರುತ್ತದೆ. 2024ರ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. 2025ರ ಬೇಸಿಗೆಗೆ ಮುನ್ನವೂ ಹಾಗೇ ಮಾಡಿತು. ಬೋರ್‌ವೆಲ್ ಇದೆಯಲ್ಲ ಎನ್ನಬಹುದು. ಆ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿರುವ ಕಡೆ, ಬಿಸಿಲಿಗೆ ಹನಿ ಒಣಗಿದೊಡನೆ ಬಿಳಿ ಕಲೆ ಉಳಿಯುತ್ತದೆ, ಅದನ್ನು ತೆಗೆಯಲು ಮತ್ತೆ ಪಾಲಿಶ್ ಬೇಕಾಗುತ್ತದೆ. ಪೈಪ್ ಬಿಟ್ಟುಕೊಂಡು ತೊಳೆಯುವ ಯೋಜನೆ ಹೀಗೆ ನೀರಿಗೂ ಪೇಂಟಿಗೂ ಒಟ್ಟಿಗೆ ನಷ್ಟ ತರುತ್ತದೆ. ಕೆಸರು ಮೆತ್ತಿಲ್ಲದ ಕಾರಿಗೆ ರಿನ್ಸ್‌ಲೆಸ್ ವಾಶ್ ಒಳ್ಳೆಯ ದಾರಿ: ಒಂದು ಬಕೆಟ್ ನೀರಿಗೆ ಸ್ವಲ್ಪ ದ್ರಾವಣ ಬೆರೆಸಿ, ನೆನೆಸಿದ ಹಲವು ಮೈಕ್ರೋಫೈಬರ್ ಬಟ್ಟೆಗಳಿಂದ ಭಾಗ ಭಾಗವಾಗಿ ಒರೆಸುವುದು, ಒಮ್ಮೆ ಬಳಸಿದ ಮುಖವನ್ನು ಮತ್ತೆ ಕಾರಿಗೆ ತಾಗಿಸದಿರುವುದು. ಹತ್ತು ಲೀಟರಿನಲ್ಲಿ ಕೆಲಸ ಮುಗಿಯುತ್ತದೆ.

ಇಲ್ಲಿಯೇ ಗೆಳೆಯನ ಬೆಲೆ ತಿಳಿಯುವುದು. ಕಾಫಿಗೂ ಹರಟೆಗೂ ಜೊತೆಗಿರಲಿ ಎಂದು ಕರೆಯುವುದು ಸರಿಯೇ, ಆದರೆ ಅವನಿಗೆ ಗೊತ್ತಾದ ಕೆಲಸ ಇರಬೇಕು. ಒಬ್ಬ ತೊಳೆದ ಬಾಗಿಲನ್ನು ಹನಿ ಒಣಗುವ ಮುನ್ನ ಇನ್ನೊಬ್ಬ ಒರೆಸಬೇಕು. ಒಬ್ಬಂಟಿಯಾಗಿ ಬಿಸಿಲಿಗೆ ಸೋಲದೆ ಇದನ್ನು ಮಾಡುವುದು ಕಷ್ಟ. ಜೊತೆಗೆ, ದಣಿದ ಕೈ ಮಾಡುವ ಎಡವಟ್ಟನ್ನು ದಣಿಯದ ಕಣ್ಣು ಹಿಡಿಯುತ್ತದೆ. ‘ಮಗಾ, ಆ ಬಟ್ಟೆ ಕೆಳಗೆ ಬಿತ್ತು ನೋಡು, ಪಕ್ಕಕ್ಕಿಡು’ ಎಂದು ಹೇಳುವವನೊಬ್ಬ ಬೇಕು. ನೆಲಕ್ಕೆ ಬಿದ್ದ ಬಟ್ಟೆಯನ್ನು ಕೊಡವಿ ಮತ್ತೆ ಉಜ್ಜಿದರೆ ಅದರಲ್ಲಿ ಸಿಕ್ಕಿಕೊಂಡ ಒಂದು ಮರಳಿನ ಕಣ ಬೆಳಗಿನ ಶ್ರಮವನ್ನೆಲ್ಲ ಹಾಳುಮಾಡುತ್ತದೆ. ಇಬ್ಬರೂ ಒಟ್ಟಿಗೆ ಮಷಿನ್ ಹಿಡಿದು ಒಂದೊಂದು ಬದಿ ಹಂಚಿಕೊಳ್ಳುವ ಯೋಜನೆ ಮಾತ್ರ ಬೇಡ. ಕೈಯ ಒತ್ತಡ ಬೇರೆ ಬೇರೆಯಾಗಿ ಎಡಬದಿಗೊಂದು ಮೆರುಗು, ಬಲಬದಿಗೊಂದು ಮೆರುಗು ಬಂದುಬಿಡುತ್ತದೆ.

ಹಾಗಾದರೆ ಎಲ್ಲವನ್ನೂ ಅಂಗಡಿಗೇ ಬಿಡುವುದು ಲೇಸೇ? ಹಾಗೇನಿಲ್ಲ. ಸಮಯಕ್ಕೆ ಕಟ್ಟುಬಿದ್ದ ಅಂಗಡಿಯವರು ಕ್ಲೇ ಬಾರಿಗೆ ಕೊಡುವ ತಾಳ್ಮೆಗಿಂತ ಕಾಂಪೌಂಡಿಗೆ ಕೊಡುವ ಉತ್ಸಾಹ ಹೆಚ್ಚಿರಬಹುದು. ಮನೆಯಲ್ಲಿ ಮಾಡುವವನಿಗೆ ನಿಧಾನಿಸುವ ಸ್ವಾತಂತ್ರ್ಯವಿದೆ. ಆ ಸ್ವಾತಂತ್ರ್ಯವನ್ನು ಬಳಸದೆ, ಅಂಗಡಿಯ ಪಟ್ಟಿಯನ್ನೇ ಒಂದು ದಿನಕ್ಕೆ ತುರುಕುವುದು ನಮ್ಮ ಯೋಜನೆಗಳ ದೊಡ್ಡ ದೋಷ. ನೆರಳಿರುವ ಬೆಳಗು, ಒಂದೆರಡು ಬಕೆಟ್ ನೀರು, ರಾಶಿ ಒಗೆದ ಬಟ್ಟೆ, ಕ್ಲೇ ಬಾರ್, ಕೊನೆಗೊಂದು ವ್ಯಾಕ್ಸ್: ಇಷ್ಟನ್ನು ಉಳಿಸಿಕೊಂಡು ಉಳಿದದ್ದಕ್ಕೆ ಗೀಟು ಹಾಕಿ. ಮಷಿನ್ ಪಾಲಿಶ್ ಕಾರಿನ ಆಯುಷ್ಯದಲ್ಲಿ ಒಂದೆರಡು ಸಲದ ಮಾತು. ಊಟದ ಹೊತ್ತಿಗೆ ಮುಗಿಯದ ಡೀಟೇಲಿಂಗಿನಿಂದ ಲಾಭವಾಗುವುದು ಬಹುಮಟ್ಟಿಗೆ ಬಾಟಲಿ ಮಾರಿದವನಿಗೆ.